ಪ್ರತಿ ಮೂರನೆಯದು ತಪ್ಪು

ಫೆಬ್ರವರಿ 3, ಮಂಗಳವಾರ

ಕೆಲ್ ಬ್ರಾನಿಗನ್, ಸಾರ್ಜೆಂಟ್. ನನ್ನ ದಿನಚರಿಯಲ್ಲಿ ನನ್ನದೇ ಹೆಸರು, ಹುದ್ದೆ ಬರೆಯುವ ಅಗತ್ಯವಿರಲಿಲ್ಲ. ಆದರೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಬರೆಯದೆ ಕೈ ಮುಂದಕ್ಕೆ ಹೋಗುವುದಿಲ್ಲ. ಇಪ್ಪತ್ತು ವರ್ಷದ ಸೈನ್ಯದ ಚಟ.

"ಯಾರಿಗೂ ತೋರಿಸಬೇಕಾಗಿಲ್ಲ, ನಿಮಗಾಗಿ ಮಾತ್ರ ಬರೆಯಿರಿ" ಅಂತ ಸೈನ್ಯದ ಕ್ಲಿನಿಕ್ಕಿನಿಂದ ಕಾಗದ ಬಂದಿದೆ. ಯಾರೂ ಓದದಿದ್ದ ಮೇಲೆ ಬರೆಯುವುದು ಯಾಕೆ ಅಂತ ನನ್ನ ಹೆಂಡತಿ ಟ್ರೂಡಿಯನ್ನು ಕೇಳಿದೆ. "ನೀನು ಬರೀದಿದ್ರೆ ನಾನು ಬರೀತೀನಿ. ನಾನಾದ್ರೆ ಎಲ್ರಿಗೂ ತೋರಿಸ್ತೀನಿ, ನೋಡ್ಕೋ," ಅಂದಳು. ಶಾಲೆಯ ಕ್ಯಾಂಟೀನ್ ನಡೆಸುವವಳು ಅವಳು. ಮುನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾಳೆ. ನಾನು ಮುನ್ನೂರ ಒಂದನೆಯವನು.

ವಿಷಯ ಇಷ್ಟೇ. ಸೈನಿಕರಿಗೆ ಬಾಗಿಲು ಒಡೆಯುವುದನ್ನು ಕಲಿಸುವುದು ನನ್ನ ಕೆಲಸ. ಬಾಗಿಲಿಗೆ ಸಿಡಿಮದ್ದು ಅಂಟಿಸಬೇಕು, ಗೋಡೆಯ ಮರೆಗೆ ನಿಲ್ಲಬೇಕು, ಢಂ ಅಂದ ಕೂಡಲೇ ಒಳಗೆ ನುಗ್ಗಬೇಕು. ಹದಿನಾಲ್ಕು ವರ್ಷದಿಂದ ದಿನಕ್ಕೆ ಹತ್ತು-ಹನ್ನೆರಡು ಢಂ. ನನ್ನ ತಲೆಗೆ ಒಂದು ಚೂರು ಕಲ್ಲೂ ಬಡಿದಿಲ್ಲ. ಆದರೂ ಆ ಹೊಡೆತ ಗೋಡೆ ದಾಟಿ ಬಂದು ಮಿದುಳನ್ನು ಸ್ವಲ್ಪಸ್ವಲ್ಪವೇ ಕೆಡಿಸುತ್ತದೆ ಅಂತ ಈಗ ಹೇಳುತ್ತಿದ್ದಾರೆ. ಹತ್ತು ವರ್ಷ ಮೀರಿ ಈ ಕೆಲಸ ಮಾಡಿದವರೆಲ್ಲ ಪರೀಕ್ಷೆಗೆ ಕೂರಬೇಕಂತೆ. ಎಂಟು ವರ್ಷದ ಹಿಂದೆ, ವಿದೇಶಕ್ಕೆ ಹೊರಡುವ ಮುಂಚೆ, ಇದೇ ಪರೀಕ್ಷೆ ಕೊಟ್ಟಿದ್ದೆವು. ಆ ಅಂಕಕ್ಕಿಂತ ಈಗ ಕಡಿಮೆ ಬಂದರೆ ತರಬೇತಿ ಮೈದಾನಕ್ಕೆ ಕಾಲಿಡುವ ಹಾಗಿಲ್ಲ. ಉಗ್ರಾಣದಲ್ಲಿ ಕೂತು ಕಂಬಳಿ ಮಡಚಬೇಕು. ಅದಕ್ಕಿಂತ ನನ್ನನ್ನೇ ಒಂದು ಬಾಗಿಲಿಗೆ ಅಂಟಿಸಿಬಿಡಲಿ.

ಆದರೆ ನನ್ನ ಹತ್ತಿರ ಒಂದು ಗುಟ್ಟಿದೆ. ಯಾರೂ ಓದುವುದಿಲ್ಲವಲ್ಲ, ಬರೆದೇಬಿಡುತ್ತೇನೆ. ಎಂಟು ವರ್ಷದ ಹಿಂದೆ ನನ್ನ ಕೈಕೆಳಗಿದ್ದ ಏಳು ಜನಕ್ಕೂ ನಾನು ಹೇಳಿಕೊಟ್ಟಿದ್ದೆ: ಬೇಕೆಂದೇ ತಪ್ಪು ಮಾಡಿ. ಮೊದಲೇ ದಡ್ಡರು ಅಂತ ದಾಖಲಾದರೆ, ಮುಂದೆ ಮಿದುಳು ಕೆಟ್ಟರೂ ಯಾವ ನನ್ಮಗನಿಗೂ ಗೊತ್ತಾಗುವುದಿಲ್ಲ. ಅದನ್ನು ಬರೀ ಬಾಯಿಮಾತಿನಲ್ಲಿ ಹೇಳಲಿಲ್ಲ. ಯುದ್ಧಕ್ಕೆ ಕೊಡುವ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದು, ಕ್ರಮವಾಗಿ ಆದೇಶ ಕೊಟ್ಟಿದ್ದೆ. ಪರಿಸ್ಥಿತಿ: ಶತ್ರು ಪಾಳಯದಲ್ಲಿ ಒಂದು ಕಂಪ್ಯೂಟರ್, ಕ್ಲಿಪ್‌ಬೋರ್ಡ್ ಹಿಡಿದ ಒಬ್ಬ ಹುಡುಗಿ. ಗುರಿ: ದಡ್ಡರಾಗುವುದು. ವಿಧಾನ: ಪ್ರತಿ ಮೂರನೆಯದು ತಪ್ಪು. ಎಲ್ಲರೂ ಅದನ್ನು ನನಗೆ ಬಾಯಿಪಾಠದ ಹಾಗೆ ತಿರುಗಿ ಒಪ್ಪಿಸಿದರು. ಅರವತ್ತು ಪ್ರಶ್ನೆಗೆ ನಲವತ್ತು ಅಂಕ ತಗೊಂಡು, ಗೆದ್ದ ಮುಖದಲ್ಲಿ ಹೊರಗೆ ಬಂದೆವು.

ಈಗಲೂ ಅಷ್ಟೇ. ಪ್ರತಿ ಮೂರನೆಯದು ತಪ್ಪು. ನಲವತ್ತು ಬಂದರೆ ನಾನು ಅಂದು ಹೇಗಿದ್ದೆನೋ ಹಾಗೇ ಇದ್ದೇನೆ.

ಫೆಬ್ರವರಿ 5, ಗುರುವಾರ

ಡಾಕ್ಟರ್ ಹೆಸರು ಹೆಸ್ಟರ್ ಕ್ವಾನ್. ನನ್ನ ಎದೆಯ ಎತ್ತರಕ್ಕಿದ್ದಾರೆ. ನಮ್ಮೂರು ಟೌನ್ಸ್‌ವಿಲ್ಲಿನ ಈ ಸೆಕೆಯಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ, ಕ್ಲಿನಿಕ್ಕಿನ ಎ.ಸಿ. ಹಾಗಿದೆ.

ಒಳಗೆ ಹೋಗುವಾಗಲೇ ಒಂದು ಜೋಕ್ ಹೊಳೆಯಿತು. "ಕ್ಷಮಿಸಿ ಡಾಕ್ಟ್ರೇ, ತಡವಾಯ್ತು. ಹದಿನಾಲ್ಕು ವರ್ಷದಲ್ಲಿ ಹಿಡಿ ತಿರುಗಿಸಿ ಬಾಗಿಲು ತೆಗೆದಿದ್ದು ಇದೇ ಮೊದಲು!" ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಹೆಂಗಸು ಪರವಾಗಿಲ್ಲ.

ನಿದ್ದೆ, ತಲೆನೋವು, ಸಿಟ್ಟು ಅಂತ ನೂರೆಂಟು ಕೇಳಿದರು. ಎಲ್ಲ ಚೆನ್ನಾಗಿದೆ ಅಂದೆ. "ಮನೇಲಿ ಏನಂತಾರೆ?" ಅಂದರು. ಮನೆಯಲ್ಲಿ ಎಲ್ಲವನ್ನೂ ಅಂತಾರೆ ಅಂದೆ.

ಫೆಬ್ರವರಿ 7, ಶನಿವಾರ

ಮಧ್ಯಾಹ್ನ ಡಕ್ಕಿ ಬಂದಿದ್ದ. ವಿನ್ ಡಕ್‌ವರ್ತ್, ಕಾರ್ಪೊರಲ್, ಆ ಏಳು ಜನರಲ್ಲೊಬ್ಬ. ಈಗಲೂ ಮೈದಾನದಲ್ಲಿ ನನ್ನ ಜೊತೆಗೇ ಇದ್ದಾನೆ. ಪಕ್ಕದ ಬೀದಿಯಲ್ಲಿ ಒಂದು ನಾಯಿ ಸಾಕಿಕೊಂಡು ಒಬ್ಬನೇ ಇದ್ದಾನೆ. ಹಿಂದೆ ಇವನನ್ನು ಕೂರಿಸಿಕೊಂಡರೆ ಮೂವತ್ತು ವರ್ಷದ ರಗ್ಬಿ ಫೈನಲ್‌ಗಳನ್ನು, ಯಾರು ಎಷ್ಟನೇ ನಿಮಿಷಕ್ಕೆ ಬಿದ್ದ ಅನ್ನುವುದೂ ಸೇರಿ, ಗಟಗಟ ಹೇಳುತ್ತಿದ್ದ. ಈಗ ಬಿಯರ್ ಹಿಡಿದು ಮಾವಿನ ಮರ ನೋಡುತ್ತಾನೆ. ಹೋದ ವಾರ ಕ್ಯಾಪ್ಟನ್‌ಗೆ ಬಾಯಿಗೆ ಬಂದದ್ದು ಬೈದು, ಎರಡು ಪರೇಡ್ ತಪ್ಪಿಸಿಕೊಂಡು, ಎಚ್ಚರಿಕೆ ಪತ್ರ ತಗೊಂಡಿದ್ದಾನೆ. ವಯಸ್ಸಾಗುತ್ತಾ ಕೊಬ್ಬು ಜಾಸ್ತಿಯಾಗಿದೆ ಅಷ್ಟೇ.

ಅವನಿಗೂ ಬಾಗಿಲಿನ ಜೋಕ್ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

ಟ್ರೂಡಿ ಮಾತ್ರ ಮುಖ ಊದಿಸಿಕೊಂಡಿದ್ದಾಳೆ. ಹಿತ್ತಲಿನ ಬಾರ್ಬೆಕ್ಯೂ ಒಲೆಯ ಗ್ಯಾಸ್ ನಾನು ಆರಿಸಿರಲಿಲ್ಲವಂತೆ. ಇವತ್ತಿನದಲ್ಲ, ಹೋದ ಭಾನುವಾರದ್ದು. ಅವಳು ಹೊಸ ಕಾಯಿದೆ ತಂದಿದ್ದಾಳೆ: ಏನು ಹೇಳಿದರೂ ನಾನು ತಿರುಗಿ ಒಪ್ಪಿಸಬೇಕು. "ಹಾಲು, ಬ್ರೆಡ್, ನಾಲ್ಕು ಗಂಟೆಗೆ ನಿಮ್ಮಮ್ಮಂಗೆ ಫೋನ್. ಹೇಳು." ಹೇಳಿದೆ. "ಜೋರಾಗಿ." ಜೋರಾಗಿ ಹೇಳಿದೆ. ಡಕ್ಕಿ ಎದ್ದು ಸೆಲ್ಯೂಟ್ ಹೊಡೆದ.

ನಿಜ ಹೇಳಬೇಕೆಂದರೆ, ಸೈನ್ಯದಲ್ಲಿ ಮರೆವಿಗೆ ಜಾಗವೇ ಇಲ್ಲ. ಪ್ರತಿಯೊಂದನ್ನೂ ಬರೆದುಕೊಳ್ಳುತ್ತೇವೆ, ಬರೆದದ್ದನ್ನು ಓದುತ್ತೇವೆ, ಓದಿದ್ದನ್ನು ಇನ್ನೊಬ್ಬ ತಿರುಗಿ ಹೇಳುತ್ತಾನೆ. ಮನೆಯಲ್ಲೇ ಅವ್ಯವಸ್ಥೆ.

ಹಾಲು ತರುವುದು ಮರೆಯಿತು.

ಫೆಬ್ರವರಿ 12, ಗುರುವಾರ

ಇವತ್ತು ಪರೀಕ್ಷೆ. ಬಾಗಿಲ ಹತ್ತಿರ ಒಂದು ಒಳ್ಳೆಯ ಜೋಕ್ ಹೊಳೆಯಿತು, ಹಿಡಿ ತಿರುಗಿಸಿ ಬಾಗಿಲು ತೆಗೆದಿದ್ದು ಇದೇ ಮೊದಲು ಅಂತ. ಡಾಕ್ಟರ್ ಸುಮ್ಮನೆ ಮುಗುಳ್ನಕ್ಕು ಏನೋ ಬರೆದುಕೊಂಡರು. ಹಾಸ್ಯಪ್ರಜ್ಞೆ ಅಷ್ಟಕ್ಕಷ್ಟೇ.

ಆಮೇಲೆ ಒಂದು ಎಡವಟ್ಟಾಯಿತು. ಪರದೆಯ ಮೇಲೆ ಚಿತ್ರಗಳು ಬರುತ್ತವೆ, ಹಿಂದೆ ನೋಡಿದ್ದಾದರೆ ಗುಂಡಿ ಒತ್ತಬೇಕು. ಪದಗಳು ಬರುತ್ತವೆ, ನೆನಪಿಟ್ಟು ಹೇಳಬೇಕು. ಕೂತ ಮೇಲೆ ಹಟ ಹತ್ತಿಬಿಟ್ಟಿತು. ಪ್ರತಿ ಮೂರನೆಯದು ತಪ್ಪಿಸಬೇಕೆನ್ನುವುದು ಪೂರ್ತಿ ಮರೆತೇಹೋಯಿತು. ಹಲ್ಲು ಕಚ್ಚಿ, ಬೆವರು ಸುರಿಸಿ, ಅರವತ್ತಕ್ಕೆ ಅರವತ್ತೂ ಸರಿ ಮಾಡಲು ಒದ್ದಾಡಿದೆ. ಕಾರಿನಲ್ಲಿ ಕೂತಾಗ ಪ್ಲಾನ್ ನೆನಪಾಯಿತು. ಅಯ್ಯೋ, ಕೆಟ್ಟೆ! ನಲವತ್ತು ಇದ್ದವನಿಗೆ ಏಕಾಏಕಿ ಐವತ್ತೆಂಟು-ಅರವತ್ತು ಬಂದರೆ ಏನು ಹೇಳಲಿ? ಮಿದುಳಿಗೆ ಒಳ್ಳೆಯದು ಅಂತ ಮೀನು ಜಾಸ್ತಿ ತಿಂದೆ ಅಂತ ಹೇಳಲೇ?

ಫೆಬ್ರವರಿ 19, ಗುರುವಾರ

ಮಳೆ. ತಲೆನೋವು. ಬರೆಯುವಂಥದ್ದೇನಿಲ್ಲ.

ಫೆಬ್ರವರಿ 26, ಗುರುವಾರ

ಗೆದ್ದೆ! ಗೆದ್ದೆ! ಗೆದ್ದೆ!

ಮೊದಲಿನಿಂದ ಬರೆಯುತ್ತೇನೆ. ಬಾಗಿಲಲ್ಲಿ ನಿಂತು, "ಕ್ಷಮಿಸಿ ಡಾಕ್ಟ್ರೇ, ಹದಿನಾಲ್ಕು ವರ್ಷದಲ್ಲಿ..." ಅನ್ನುತ್ತಿದ್ದ ಹಾಗೇ ಅವರು, "ಹಿಡಿ ತಿರುಗಿಸಿ ಬಾಗಿಲು ತೆಗೆದಿದ್ದು ಇದೇ ಮೊದಲು," ಅಂದುಬಿಟ್ಟರು. ನನಗೆ ಆಗ ತಾನೇ ಹೊಳೆದ ಜೋಕ್! ಇವರಿಗೆ ಹೇಗೆ ಗೊತ್ತು? ಯಾರೋ ಬಾಯಿಬಿಟ್ಟಿದ್ದಾರೆ. ಡಕ್ಕಿಯೇ ಇರಬೇಕು, ಅವನೂ ಇಲ್ಲಿಗೇ ಬರುತ್ತಾನೆ.

ಫಲಿತಾಂಶ: ನಲವತ್ತು. ಅಂದೂ ನಲವತ್ತು, ಇಂದೂ ನಲವತ್ತು. ಬದಲಾವಣೆ ಇಲ್ಲ, ಕೆಲಸಕ್ಕೆ ಯೋಗ್ಯ. ದೇವರು ದೊಡ್ಡವನು, ಐವತ್ತೆಂಟು ಬರಲಿಲ್ಲ.

ಡಾಕ್ಟರಿಗೆ ಮಾತ್ರ ಖುಷಿಯಿಲ್ಲ. "ಕಾಗದದ ಪ್ರಕಾರ ನೀವು ಆರೋಗ್ಯವಾಗಿದ್ದೀರಿ ಬ್ರಾನಿಗನ್. ನನಗೇನೋ ಆ ಕಾಗದಕ್ಕೇ ಆರೋಗ್ಯ ಇಲ್ಲ ಅನ್ಸುತ್ತೆ," ಅಂದರು. "ಎಂಟು ವರ್ಷದ ಹಿಂದೆ ಒಂದೇ ಮಧ್ಯಾಹ್ನ, ಒಂದೇ ಹಾಲ್‌ನಲ್ಲಿ, ನಿಮ್ಮ ಕಡೆಯ ಎಂಟು ಜನ ಬರೆದಿದ್ದಾರೆ. ಏಳು ಜನಕ್ಕೆ ಸರಿಯಾಗಿ ನಲವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವತ್ತು ಆ ಹಾಲ್‌ನಲ್ಲಿ ಏನಾಗಿತ್ತು?"

"ಫ್ಯಾನ್ ಕೆಟ್ಟಿತ್ತು ಡಾಕ್ಟ್ರೇ."

"ಫ್ಯಾನಾ?"

"ಸಿಕ್ಕಾಪಟ್ಟೆ ಸೆಕೆ."

ಸ್ವೆಟರಿನ ತೋಳು ಎಳೆದುಕೊಂಡು ನನ್ನನ್ನೇ ನೋಡಿದರು. "ನಾನು ಕೊಡಬಹುದಾದ ಔಷಧಿ ಇದೆ, ವ್ಯಾಯಾಮ ಇದೆ, ನಿದ್ದೆಗೆ ದಾರಿ ಇದೆ. ಆದ್ರೆ ಅಂಕ ಇಳಿದವರಿಗೆ ಮಾತ್ರ ಕೊಡೋಕೆ ನನಗೆ ಅನುಮತಿ. ಆ ಫ್ಯಾನ್ ಬಗ್ಗೆ ಇನ್ನೇನಾದ್ರೂ ನೆನಪಾದ್ರೆ ಬನ್ನಿ. ಬಾಗಿಲು ತೆರೆದೇ ಇರುತ್ತೆ," ಅಂದರು.

ಪಾಪ, ಒಳ್ಳೆಯ ಹೆಂಗಸು. ಆದರೆ ನನ್ನ ಹತ್ತಿರ ಆಟ ನಡೆಯುವುದಿಲ್ಲ.

ಮಾರ್ಚ್ 4, ಬುಧವಾರ

ಡಕ್ಕಿಯ ಫಲಿತಾಂಶವೂ ಬಂದಿದೆ. ಅಂದು ಮೂವತ್ತು, ಇಂದು ಮೂವತ್ತು, ಬದಲಾವಣೆ ಇಲ್ಲ. ನನಗಿಂತ ಹತ್ತು ಕಡಿಮೆ, ಕಳ್ಳ! ಆದರೆ ಅದರ ಬೆನ್ನಿಗೇ ಇನ್ನೊಂದು ಪತ್ರ ಬಂದಿದೆ. ಮಿದುಳಿಗೆ ಏನೂ ಆಗಿಲ್ಲ, ಹಾಗಾಗಿ ಬೈಗುಳ, ಗೈರುಹಾಜರಿ ಎಲ್ಲ ಕೆಟ್ಟ ನಡತೆಯೇ. ಯಾಕೆ ಸೈನ್ಯದಿಂದ ತೆಗೆಯಬಾರದು ಅಂತ ಮೂವತ್ತೊಂದನೇ ತಾರೀಖಿನೊಳಗೆ ಉತ್ತರ ಕೊಡಬೇಕಂತೆ. ಹಾಗೆ ಹೊರಬಿದ್ದರೆ ಚಿಕಿತ್ಸೆಯೂ ಇಲ್ಲ, ಗೌರವವೂ ಇಲ್ಲ.

"ಏನಂತ ಬರೀತೀಯೋ?" ಅಂದೆ.

"ಬರೆಯೋಕೆ ಏನಿದೆ ಮಾರಾಯ? ನಾನು ಮೊದಲಿಂದ್ಲೂ ದಡ್ಡನೇ. ಅವ್ರ ಹತ್ರ ದಾಖಲೆ ಇದೆ," ಅಂದ. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

ಎಂಥ ನಟನೆ! ಬೆನ್ನು ತಟ್ಟಿದೆ. ನನ್ನ ಮುಂದೆಯೂ ಗುಟ್ಟು ಬಿಡುವುದಿಲ್ಲ, ಪುಣ್ಯಾತ್ಮ.

ಮಾರ್ಚ್ 10, ಮಂಗಳವಾರ

ಈಗಿನ ಹುಡುಗಿಯರಿಗೆ ಶಿಸ್ತಿಲ್ಲ. ಬ್ರೈಡಿ ಹ್ಯಾನ್ಲನ್ ಅಂತ ಒಬ್ಬಳು, ತರಬೇತಿಗೆ ಬಂದು ಒಂದು ತಿಂಗಳಾಗಿಲ್ಲ. ಬಾಗಿಲಿಗೆ ಮದ್ದು ಅಂಟಿಸಿಯಾಗಿತ್ತು. ಎಲ್ಲರನ್ನೂ ಗೋಡೆಯ ಹಿಂದೆ ಕರೆದು, ಐದು, ನಾಲ್ಕು, ಮೂರು ಅಂತ ಎಣಿಸುತ್ತಿದ್ದೆ. ಈ ಹುಡುಗಿ "ನಿಲ್ಸಿ! ನಿಲ್ಸಿ!" ಅಂತ ಗಂಟಲು ಹರಿದುಕೊಂಡಳು. ಎಣಿಕೆ ನಿಲ್ಲಿಸಿ, ಸರಿಯಾಗಿ ಝಾಡಿಸಿದೆ. ಸಾರ್ಜೆಂಟ್ ಎಣಿಸುವಾಗ ಮಧ್ಯೆ ಬಾಯಿ ಹಾಕುವುದೇ?

ಡಕ್ಕಿ ಬಾಗಿಲಿನ ಆಚೆ ಬದಿಗೆ ಇದ್ದನಂತೆ. ಅಲ್ಲೊಂದು ಬೆಂಚು ಸರಿಸು ಅಂತ ನಾನೇ ಕಳಿಸಿದ್ದೆನಂತೆ. ಹುಡುಗಿ ಕಟ್ಟಿದ ಕತೆ.

ಮಾರ್ಚ್ 11, ಬುಧವಾರ

ನಾನೇ ಕಳಿಸಿದ್ದು. ನೋಟ್‌ಬುಕ್ಕಿನಲ್ಲಿ ನನ್ನ ಕೈಬರಹದಲ್ಲೇ ಇದೆ. ಬರೆದುಕೊಂಡು, ಹೇಳಿ, ಅವನು ತಿರುಗಿ ಒಪ್ಪಿಸಿ ಹೋಗಿದ್ದಾನೆ. ನನ್ನ ತಲೆಯಲ್ಲಿ ಅದು ಇಲ್ಲವೇ ಇಲ್ಲ.

ಮಾರ್ಚ್ 14, ಶನಿವಾರ

ಕಣ್ಣಿನ ಡಾಕ್ಟರ್ ಹತ್ತಿರ ಯಾವತ್ತು ಹೋಗಬೇಕು ಅಂತ ನೋಡಲು ಈ ದಿನಚರಿ ತೆರೆದೆ. ತಾರೀಖು ಸಿಗಲಿಲ್ಲ. ಬಾಗಿಲಿನ ಜೋಕ್ ಸಿಕ್ಕಿತು. ಕ್ಲಿನಿಕ್ಕಿಗೆ ಹೋದ ಮೂರು ದಿನವೂ. ಮೂರು ಸಲವೂ "ಹೊಳೆಯಿತು", "ಹೊಳೆಯಿತು", "ಆಗ ತಾನೇ ಹೊಳೆದ". ಮೊದಲು ನಗು ಬಂತು.

ಆಮೇಲೆ ಫೆಬ್ರವರಿ ಹನ್ನೆರಡರ ಪುಟ. ಪ್ಲಾನ್ ಮರೆತು, ಹಲ್ಲು ಕಚ್ಚಿ, ಅರವತ್ತೂ ಸರಿ ಮಾಡಲು ಒದ್ದಾಡಿದೆ ಅಂತ ಬರೆದಿದ್ದೇನೆ. ಬಂದದ್ದು ನಲವತ್ತು.

ಅಂದು ಬೇಕೆಂದೇ ದಡ್ಡನಾದಾಗ ನಲವತ್ತು. ಇಂದು ಪ್ರಾಣ ಬಿಟ್ಟು ಬುದ್ಧಿವಂತನಾದಾಗ ನಲವತ್ತು. ಇಪ್ಪತ್ತು ಎಲ್ಲಿ ಹೋಯಿತು? ಹೆದರಿಕೆಯಾಗುತ್ತಿದೆ ಅಂತ ಇಲ್ಲಿ ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ಅದನ್ನೂ ಮರೆತು ಎದೆಯುಬ್ಬಿಸಿಕೊಂಡು ತಿರುಗುತ್ತೇನೆ.

ಅಡುಗೆಮನೆಗೆ ಹೋಗಿ ಟ್ರೂಡಿಗೆ ಎಲ್ಲ ಹೇಳಿದೆ. ಹಾಲ್, ಆದೇಶ, ನಲವತ್ತು, ಬ್ರೈಡಿ, ಎಲ್ಲ. ಅವಳು ಚಾಕು ಕೆಳಗಿಟ್ಟು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈರುಳ್ಳಿ ವಾಸನೆ.

"ಬಾಗಿಲಿನ ಜೋಕ್ ನಂಗೂ ಐದು ಸಲ ಹೇಳಿದೀಯ ಕಣೋ," ಅಂದಳು. "ಮೊದಲನೇ ಸಲ ಚೆನ್ನಾಗಿತ್ತು."

"ಹೇಳ್ಬಾರ್ದಿತ್ತಾ ನಂಗೆ?"

"ಹೇಳ್ದೆ. ಅದನ್ನೂ ಐದು ಸಲ ಹೇಳ್ದೆ."

ಮಾರ್ಚ್ 15, ಭಾನುವಾರ

ನಿಜ ಹೇಳಿದರೆ ನಾನೊಬ್ಬನೇ ಸಿಕ್ಕಿಹಾಕಿಕೊಳ್ಳುವುದಿಲ್ಲ, ಎಂಟು ಜನವೂ ಸಿಕ್ಕಿಬೀಳುತ್ತಾರೆ. ಜೊತೆಯವರನ್ನು ಹಿಡಿದುಕೊಡುವವನಿಗೆ ನಮ್ಮಲ್ಲಿ ನೀರೂ ಕೊಡುವುದಿಲ್ಲ. ಆರು ಜನಕ್ಕೆ ಫೋನ್ ಮಾಡಿದೆ. ಇಬ್ಬರು ಬೈದರು, ಒಬ್ಬ ಅತ್ತ, ಮೂವರು "ಹೇಳ್ಬಿಡಿ ಸಾರ್ಜೆಂಟ್, ನಮಗೂ ಸಾಕಾಗಿದೆ," ಅಂದರು. ಏಳನೆಯವನು ಡಕ್ಕಿ. ಅವನ ಮನೆಗೆ ನಡೆದುಕೊಂಡೇ ಹೋದೆ. ವರಾಂಡದಲ್ಲಿ ನಾಯಿಯ ಮೈ ಬಾಚುತ್ತಿದ್ದ.

"ಡಕ್ಕಿ, ಆ ಹಾಲ್ ವಿಷ್ಯ ಡಾಕ್ಟ್ರಿಗೆ ಹೇಳ್ಬಿಡೋಣ."

"ಯಾವ ಹಾಲ್?"

"ನಟನೆ ಸಾಕು ಮಾರಾಯ, ನಾವಿಬ್ರೇ ಇದೀವಿ. ಪರೀಕ್ಷೆ. ಬೇಕಂತ ತಪ್ಪು ಬರೆದ್ವಲ್ಲ!"

ಅವನು ಬಾಚಣಿಗೆ ನಿಲ್ಲಿಸಿ ನನ್ನನ್ನು ನೋಡಿದ. ನಟನೆಯಲ್ಲ. ಅವನಿಗೆ ನಿಜವಾಗಿಯೂ ನೆನಪಿಲ್ಲ. ಮೂವತ್ತು ಅನ್ನುವ ಅಂಕ ಕೈಗೆ ಬಂದಾಗ, ತಾನು ಹುಟ್ಟಿದಾಗಿನಿಂದಲೂ ಇಷ್ಟೇ ಅಂತ ಅವನು ನಂಬಿಬಿಟ್ಟಿದ್ದಾನೆ. ಎರಡು ವಾರದಿಂದ ನಂಬಿಕೊಂಡೇ ಕೂತಿದ್ದಾನೆ. ನಾನು ಬೆನ್ನು ಬೇರೆ ತಟ್ಟಿದ್ದೆ!

"ನೀನು ದಡ್ಡ ಅಲ್ವೋ ಡಕ್ಕಿ. ನಾನು ನಿನ್ನನ್ನ ದಡ್ಡ ಮಾಡಿದ್ದು."

"ಸಮಾಧಾನಕ್ಕೆ ಹೇಳ್ಬೇಡ ಕೆಲ್," ಅಂದ. "ಕಾಗದದಲ್ಲಿದೆ."

ಹಾಗಾದರೆ ಕಾಗದವನ್ನೇ ತರುತ್ತೇನೆ ಅಂದೆ. ಮನೆಗೆ ಬಂದು ಶೆಡ್ಡು ಪೂರ್ತಿ ಕೆದಕಿದೆ. ಎಂಟು ವರ್ಷದ ಹಿಂದಿನ ನೋಟ್‌ಬುಕ್, ಸಾರ್ಜೆಂಟ್ ಯಾವತ್ತೂ ಎಸೆಯುವುದಿಲ್ಲ, ಆದರೆ ಎಲ್ಲಿಟ್ಟೆ? ಟ್ರೂಡಿಯೇ ಬಚ್ಚಿಟ್ಟಿದ್ದಾಳೆ ಅಂತ ಕೂಗಾಡಿದೆ. ಅವಳು ಕ್ರಿಸ್‌ಮಸ್ ದೀಪಗಳ ಪೆಟ್ಟಿಗೆ ಇಳಿಸಿ, ಅದರ ತಳದಿಂದ ತೆಗೆದುಕೊಟ್ಟಳು. ನಾನೇ ಅಲ್ಲಿಟ್ಟು, ಜಾಗವನ್ನು ಅವಳಿಗೆ ಹೇಳಿ, ತಿರುಗಿ ಒಪ್ಪಿಸು ಅಂತ ಒಪ್ಪಿಸಿಕೊಂಡಿದ್ದೆನಂತೆ. ಅವಳು ಎಂಟು ವರ್ಷ ನೆನಪಿಟ್ಟುಕೊಂಡಿದ್ದಾಳೆ.

ಮಾರ್ಚ್ 19, ಗುರುವಾರ

ಡಕ್ಕಿಯನ್ನು ಎಳೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಜೋಕ್ ಹೇಳಲಿಲ್ಲ. "ಫ್ಯಾನ್ ಬಗ್ಗೆ ನೆನಪಾಯ್ತು ಡಾಕ್ಟ್ರೇ," ಅಂತ ನೋಟ್‌ಬುಕ್ ಮೇಜಿನ ಮೇಲಿಟ್ಟೆ.

ಡಾಕ್ಟರ್ ಜೋರಾಗಿ ಓದಿದರು. ಪರಿಸ್ಥಿತಿ. ಗುರಿ. ವಿಧಾನ. ಶತ್ರು ಪಾಳಯದ ಹುಡುಗಿಯ ಹತ್ತಿರ ಬಂದಾಗ ಅವರ ದನಿ ನಡುಗಿತು. "ಆ ಕ್ಲಿಪ್‌ಬೋರ್ಡ್ ಹುಡುಗಿ ನಾನೇ ಬ್ರಾನಿಗನ್. ಅದು ನನ್ನ ಮೊದಲನೇ ಕೆಲಸ," ಅಂದವರೇ ನಗಲಿಕ್ಕೆ ಶುರುಮಾಡಿದರು. ಸ್ವೆಟರಿನಿಂದ ಕಣ್ಣು ಒರೆಸಿಕೊಂಡರೂ ನಿಲ್ಲುತ್ತಿಲ್ಲ. "ಮೋಸ ಮಾಡೋದಕ್ಕೂ ಲಿಖಿತ ಆದೇಶ! ದೇವರೇ! ಬೇರೆ ಯಾರಾದ್ರೂ ಆಗಿದ್ರೆ ಸಾಕ್ಷಿನೇ ಇರ್ತಿರಲಿಲ್ಲ."

ಪುಟ ತಿರುಗಿಸಿದ ಮೇಲೆ ಅವರ ನಗು ನಿಂತಿತು. ಓದಲಿಲ್ಲ. ನೋಟ್‌ಬುಕ್ಕನ್ನು ಡಕ್ಕಿಯ ಕಡೆ ತಿರುಗಿಸಿಟ್ಟರು. ಅಲ್ಲಿ ನನ್ನ ಕೈಬರಹ, ಕೆಳಗೆ ಗೆರೆ ಎಳೆದದ್ದು. ಬರೆದದ್ದು ನನಗೂ ನೆನಪಿರಲಿಲ್ಲ.

"ಡಕ್‌ವರ್ತ್‌ಗೆ ವಿಶೇಷ ಸೂಚನೆ: ನೀನು ನಮ್ಮೆಲ್ಲರಿಗಿಂತ ಚುರುಕು. ಮೂರನೆಯದು ಸಾಲದು. ಪ್ರತಿ ಎರಡನೆಯದು ತಪ್ಪು."

ಡಕ್ಕಿ ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ. "ಇದು ನಾನಾ?" ಅಂದ.

"ನೀನೇ ಕಣೋ."

"ಎಲ್ರಿಗಿಂತ?"

"ಎಲ್ರಿಗಿಂತ."

ಟೊಪ್ಪಿಯಿಂದ ಮುಖ ಮುಚ್ಚಿಕೊಂಡ. ನಾನು ಕಿಟಕಿ ನೋಡಿದೆ. ಡಾಕ್ಟರ್ ಆ ಪುಟದ ಮೂರು ಪ್ರತಿ ತೆಗೆದರು: ಒಂದು ದಾಖಲೆಗೆ, ಒಂದು ರೆಜಿಮೆಂಟಿಗೆ, ಒಂದು ಅವನಿಗೆ.

ಮಾರ್ಚ್ 31, ಮಂಗಳವಾರ

ಡಕ್ಕಿಯನ್ನು ತೆಗೆದುಹಾಕುವ ಪತ್ರವನ್ನು ಹಿಂದಕ್ಕೆ ಪಡೆದಿದ್ದಾರೆ. ಗಾಯಾಳು ಅಂತ ದಾಖಲಾಗಿದ್ದಾನೆ. ನಮ್ಮ ಎಂಟೂ ಜನಕ್ಕೆ ಚಿಕಿತ್ಸೆ. ಆದೇಶ ಕೊಟ್ಟವನಾದ ನನಗೆ ಚಿಕಿತ್ಸೆಯ ಜೊತೆ ಕಮಾಂಡರ್ ಕಡೆಯಿಂದ ಒಂದು ಗಂಟೆ ಮಂಗಳಾರತಿ. ಪರೀಕ್ಷೆಯಲ್ಲಿ ಮೋಸ ಮಾಡಿದ್ದಕ್ಕೆ ಅರ್ಧ ಗಂಟೆ, ಅದನ್ನು ಅಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಕ್ಕೆ ಅರ್ಧ ಗಂಟೆ.

ಬ್ರೈಡಿ ಹ್ಯಾನ್ಲನ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ಯಾರಾದ್ರೂ ಸರಿ, ತಪ್ಪು ಕಂಡ್ರೆ ನಿಲ್ಸಿ ಅಂತ ಕೂಗ್ಬೇಕು ಅಂತ ನೀವೇ ಕಲ್ಸಿದ್ದು ಸಾರ್ಜೆಂಟ್," ಅಂದಳು. ಹೌದಂತೆ, ಮೊದಲನೇ ದಿನವೇ ಕಲಿಸಿದ್ದೆನಂತೆ.

ನಾಳೆಯಿಂದ ಉಗ್ರಾಣ. ಮೈದಾನದ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ದೂರದಲ್ಲಿ ಢಂ ಅಂತು. ಹೊಟ್ಟೆ ಉರಿಯಿತು.

ಗುರುವಾರ ಹತ್ತಕ್ಕೆ ಕ್ಲಿನಿಕ್, ಡಕ್ಕಿಯ ಜೊತೆ. ಬಾಗಿಲಿನ ಜೋಕ್ ಹೇಳಬಾರದು. ಹೇಳಿಯಾಗಿದೆ. ಟ್ರೂಡಿಗೆ ಇದನ್ನು ತಿರುಗಿ ಒಪ್ಪಿಸಿದ್ದೇನೆ, ಜೋರಾಗಿ.

ಏಪ್ರಿಲ್ 2, ಗುರುವಾರ

ಹೇಳಿಬಿಟ್ಟೆ.

ಹಿಡಿಯ ಮೇಲೆ ಕೈಯಿಟ್ಟ ಕೂಡಲೇ ಬಾಯಿಂದ ಹಾರಿಹೋಯಿತು. ಡಾಕ್ಟರ್ ತಲೆಯ ಮೇಲೆ ಕೈ ಹೊತ್ತುಕೊಂಡರು. ಆದರೆ ಡಕ್ಕಿ ನಕ್ಕ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಬಿದ್ದುಬಿದ್ದು ನಕ್ಕ. ಹೋದ ವರ್ಷದಿಂದ ಅವನು ಹೀಗೆ ನಕ್ಕದ್ದು ನಾನು ನೋಡಿಲ್ಲ. ಆದರೆ ಹಿಂದಿನ ಪುಟಗಳಲ್ಲಿ ನೋಡಿದರೆ ನೋಡಿದ್ದೇನೆ ಅಂತಿದೆ, ಫೆಬ್ರವರಿ ಏಳಕ್ಕೆ, ನಮ್ಮ ಹಿತ್ತಲಲ್ಲಿ, ಇದೇ ಜೋಕಿಗೆ.

"ಇದು ಹೊಸದು ಕಣೋ ಕೆಲ್!" ಅಂದ.

"ಈಗ ತಾನೇ ಹೊಳೀತು," ಅಂದೆ.

ಮುಂದಿನ ಗುರುವಾರಕ್ಕೆ ಬೇರೆ ಜೋಕ್ ಹುಡುಕುವ ತೊಂದರೆ ಇಲ್ಲ.